ಅಮ್ಮನ ಮೊದಲ ವಿಮಾನ: ಕಾಂಚನಜುಂಗಾ ಕಾಣಬೇಕಂದ್ರೆ ಎಡಗಡೆ ಕೂರಬೇಕಾ, ಬಲಗಡೆನಾ?

ಸಾಗರದವಳು

ಎಲ್ಲರಿಗೂ ನಮಸ್ಕಾರ. ನವೆಂಬರ್ ಎರಡನೇ ವಾರ ಅಮ್ಮನನ್ನು ಕರೆದುಕೊಂಡು ಡಾರ್ಜಿಲಿಂಗ್‌ಗೆ ಹೊರಟಿದ್ದೇನೆ. ಅಮ್ಮನಿಗೆ 67. ಇದುವರೆಗೆ ವಿಮಾನ ಹತ್ತಿದವಳಲ್ಲ. ಅವಳಿಗೆ ಇರುವುದು ಒಂದೇ ಆಸೆ, ಹಿಮದ ಬೆಟ್ಟ ನೋಡಬೇಕು. ಡಾರ್ಜಿಲಿಂಗ್‌ನಲ್ಲಿ ಮೂರು ದಿನ ಇದ್ದೂ ಮಂಜು ಮುಸುಕಿ ಏನೂ ಕಾಣದೆ ವಾಪಸ್ ಬಂದವರ ಕಥೆ ಬೇಕಾದಷ್ಟು ಕೇಳಿದ್ದೇನೆ. ಅದಕ್ಕೇ ವಿಮಾನದ ಕಿಟಕಿಯಿಂದಲಾದರೂ ಒಮ್ಮೆ ತೋರಿಸಿಬಿಡೋಣ ಅಂತ.

ಟಿಕೆಟ್ ಆಗಿದೆ. ಬೆಳಗ್ಗೆ ಬೆಂಗಳೂರಿನಿಂದ ದೆಹಲಿ, ಮಧ್ಯಾಹ್ನ ದೆಹಲಿಯಿಂದ ಬಾಗ್ಡೋಗ್ರಾ, ಡಾರ್ಜಿಲಿಂಗ್‌ಗೆ ಇಳಿಯುವ ಏರ್‌ಪೋರ್ಟ್ ಅದೇ. ಸೀಟು ಮಾತ್ರ ಇನ್ನೂ ಹಿಡಿದಿಲ್ಲ. ಒಬ್ಬರು ಎ ಅಂತಾರೆ, ಇನ್ನೊಬ್ಬರು ಎಫ್ ಅಂತಾರೆ. ಆಫೀಸಿನಲ್ಲಿ ಒಬ್ಬರು "ಯಾವ ಕಡೆ ಕೂತರೂ ಒಂದೇ, ಬರೀ ಮೋಡ" ಅಂದುಬಿಟ್ಟರು. ಕಿಟಕಿ ಸೀಟಿಗೆ ಬೇರೆ ದುಡ್ಡು ಕೇಳ್ತಿದ್ದಾರೆ. ಅಷ್ಟು ಕೊಟ್ಟು ರೆಕ್ಕೆ ನೋಡ್ಕೊಂಡು ಕೂರೋ ಹಾಗೆ ಆಗಬಾರದು. ಗೊತ್ತಿದ್ದವರು ಹೇಳಿ.

ಕಿಟಕಿ ಪಕ್ಕ

ಎಡಗಡೆ. ಎ. ಯೋಚನೆ ಮಾಡದೆ ಹಿಡಿಯಿರಿ.

ದೆಹಲಿಯಿಂದ ಬಾಗ್ಡೋಗ್ರಾ ಅಂದರೆ ಪೂರ್ವಕ್ಕೆ ಪ್ರಯಾಣ. ಪೂರ್ವಕ್ಕೆ ಮುಖ ಮಾಡಿ ನಿಂತರೆ ಉತ್ತರ ಎಡಗೈ ಕಡೆ ಬರುತ್ತದೆ. ಹಿಮಾಲಯ ಇರುವುದು ಉತ್ತರಕ್ಕೆ. ಇಷ್ಟೇ ಲೆಕ್ಕ. ಬರುವಾಗ ಅದೇ ದಾರಿಯಾದರೆ ಬಲಗಡೆ, ಎಫ್. ದೆಹಲಿ–ಕಠ್ಮಂಡು, ದೆಹಲಿ–ಗುವಾಹಟಿ, ದೆಹಲಿ–ಪಾರೋ ಎಲ್ಲದಕ್ಕೂ ಇದೇ ಸೂತ್ರ.

ನಿಮ್ಮದು ದೆಹಲಿ ಮೇಲೆ ಹೋಗುವ ಟಿಕೆಟ್ ಆಗಿದ್ದು ಒಳ್ಳೆಯದೇ ಆಯಿತು. ಬೆಂಗಳೂರಿನಿಂದ ನೇರ ಹೋದರೆ ದಕ್ಷಿಣದಿಂದ ಮೇಲಕ್ಕೆ ಹೋಗುತ್ತೀರಿ. ಬೆಟ್ಟ ವಿಮಾನದ ಮೂಗಿನ ಮುಂದೆ ಇರುತ್ತದೆ. ಪೈಲಟ್‌ಗೆ ಹಬ್ಬ, ನಮಗೆ ಕೊನೆಯ ಹತ್ತು ಹದಿನೈದು ನಿಮಿಷ ಓರೆಯಾಗಿ ಕಂಡರೆ ಪುಣ್ಯ. ದೆಹಲಿಯಿಂದಾದರೆ ಟೇಕಾಫ್ ಆಗಿ ಮುಕ್ಕಾಲು ಗಂಟೆ, ಒಂದು ಗಂಟೆಯ ಹೊತ್ತಿಗೆ ಧವಳಗಿರಿ ಕಡೆಯಿಂದ ಶುರುವಾಗುತ್ತದೆ. ಆಮೇಲೆ ಅನ್ನಪೂರ್ಣ, ಮನಸ್ಲು, ಎವರೆಸ್ಟ್, ಮಕಾಲು, ಕಡೆಗೆ ಕಾಂಚನಜುಂಗಾ. ಸಾಲಾಗಿ.

ಐಲ್ ಸೀಟ್ ಸಂಘ

67 ವರ್ಷದವರನ್ನು ಕಿಟಕಿ ಪಕ್ಕ ಕೂರಿಸಬೇಡಿ ಮೇಡಂ. ಬಾತ್‌ರೂಮಿಗೆ ಏಳಬೇಕಂದರೆ ಇಬ್ಬರನ್ನು ಎಬ್ಬಿಸಬೇಕು. ಸಂಕೋಚಕ್ಕೆ ತಡೆದುಕೊಂಡು ಕೂರುತ್ತಾರೆ. ನಮ್ಮ ತಂದೆ ದೆಹಲಿಗೆ ಹೋಗುವಾಗ ಎರಡೂ ಮುಕ್ಕಾಲು ಗಂಟೆ ಹಾಗೇ ಕೂತಿದ್ದರು, ನೀರೂ ಕುಡಿಯದೆ.

ಸಾಗರದವಳು

ಅದೂ ನಿಜ. ಅವಳು ಎ, ನಾನು ಬಿ. ಸಿನಲ್ಲಿ ಯಾರು ಬರುತ್ತಾರೋ ನೋಡಬೇಕು.

ಮೂಗಿನ ತುದಿ

ಎಡಗಡೆ ಅನ್ನುವುದಕ್ಕೆ ನನ್ನ ಓಟೂ ಇದೆ. ಆದರೆ ಒಂದು ಎಚ್ಚರಿಕೆ. ಸೀಟು ಆರಿಸುವಾಗ ಪರದೆಯ ಮೇಲೆ ಬರುವ ನಕ್ಷೆಯಲ್ಲಿ ವಿಮಾನದ ಮೂಗು ಯಾವ ಕಡೆ ಇದೆ ನೋಡಿ. ಕೆಲವು ಕಡೆ ಮೂಗು ಮೇಲಿರುತ್ತದೆ, ಕೆಲವು ಕಡೆ ಅಡ್ಡಡ್ಡ ಮಲಗಿಸಿರುತ್ತಾರೆ. ನಾನು ಆ ಚಿತ್ರ ನೋಡಿ ಎಡ ಅಂದುಕೊಂಡು ಬಲ ಹಿಡಿದಿದ್ದೇನೆ. ಕಠ್ಮಂಡುವಿಗೆ ಹೋಗುತ್ತಾ ಇಡೀ ದಾರಿ ಗಂಗಾ ಬಯಲು ನೋಡಿದೆ. ಎಡಗಡೆಯವರೆಲ್ಲ ಕಿಟಕಿಗೆ ಮುಖ ಅಂಟಿಸಿ ಕೂತಿದ್ದರು. ನನಗೆ ಅವರ ಬೆನ್ನು ಕಂಡಿತು.

ಅಕ್ಷರ ನೆನಪಿಟ್ಟುಕೊಂಡರೆ ಸಾಕು. ನಮ್ಮ ದೇಶದೊಳಗೆ ಓಡುವ ಎ320, 737 ತರದ ವಿಮಾನಗಳಲ್ಲಿ ಎ ಯಾವಾಗಲೂ ಎಡಗಡೆ ಕಿಟಕಿ, ಎಫ್ ಬಲಗಡೆ ಕಿಟಕಿ. ದೊಡ್ಡ ವಿಮಾನದಲ್ಲಿ ಎಡ ಎ ಆಗಿಯೇ ಇರುತ್ತದೆ, ಬಲಗಡೆ ಕಿಟಕಿಗೆ ಕೆ ಅಥವಾ ಎಲ್ ಬರುತ್ತದೆ.

ಬಜ್ಪೆ ಬಾಯ್

ಸಾಲಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ. ಎಡ ಬಲ ಸರಿಯಾಗಿ ಹಿಡಿದು ರೆಕ್ಕೆ ಮೇಲೆ ಕೂತರೆ ಏನು ಪ್ರಯೋಜನ? ಎ320ರಲ್ಲಿ ಹೆಚ್ಚುಕಡಿಮೆ 10ರಿಂದ 20ನೇ ಸಾಲಿನವರೆಗೆ ಕೆಳಗೆ ನೋಡಿದರೆ ರೆಕ್ಕೆಯೇ. ಮುಂದೆ ಏಳೆಂಟನೇ ಸಾಲಿನೊಳಗೆ ಕೂರಿ, ಇಲ್ಲಾಂದ್ರೆ 23ರ ನಂತರ.

ಕ್ಯಾಮೆರಾ ಚೀಲ

ಫೋಟೊ ತೆಗೆಯುವವರಾದರೆ ಮುಂದೆಯೇ ಒಳ್ಳೆಯದು. ರೆಕ್ಕೆಯ ಹಿಂದೆ ಕೂತರೆ ಇಂಜಿನ್‌ನಿಂದ ಬರುವ ಬಿಸಿ ಗಾಳಿಯ ಮೂಲಕ ನೋಡುತ್ತೀರಿ. ಒಲೆ ಮೇಲಿನ ಗಾಳಿ ನಡುಗುವ ಹಾಗೆ ಬೆಟ್ಟದ ಅಂಚು ನಡುಗುತ್ತದೆ. ಕಣ್ಣಿಗೆ ಅಷ್ಟು ಗೊತ್ತಾಗಲ್ಲ, ಜೂಮ್ ಹಾಕಿ ತೆಗೆದ ಫೋಟೊದಲ್ಲಿ ಗೊತ್ತಾಗುತ್ತದೆ. ಆದರೆ ಮುಂದಿನ ಸಾಲುಗಳಿಗೆ ದುಡ್ಡು ಜಾಸ್ತಿ. ಸುಮ್ನೆ ಕಣ್ಣಲ್ಲಿ ನೋಡುವುದಕ್ಕಾದರೆ ಹಿಂದಿನ ಸಾಲು ಧಾರಾಳವಾಗಿ ಸಾಕು.

ರೆಕ್ಕೆಯ ತುದಿ ಫೋಟೊದ ಒಂದು ಮೂಲೆಯಲ್ಲಿ ಬಂದರೆ ನನಗೆ ಇಷ್ಟವೇ. ಬರೀ ಬೆಟ್ಟ ಇದ್ದರೆ ಎಲ್ಲಿಂದ ತೆಗೆದದ್ದು ಅಂತಲೇ ತಿಳಿಯಲ್ಲ.

ಬಜ್ಪೆ ಬಾಯ್

ನಿಮಗೆ ರೆಕ್ಕೆ ಇಷ್ಟ ಆಗಬಹುದು, ಅವರ ಅಮ್ಮನಿಗೆ ಬೆಟ್ಟ ಬೇಕು 😀

ಗಲ್ಫ್ ಗೌಡ

ಕಿಟಕಿ ಸೀಟು ತಗೊಂಡು ಕಿಟಕಿಯೇ ಇಲ್ಲದೆ ಕೂತವನು ನಾನು. ಹೆಸರು ಬೇಡ, ಒಂದು ವಿಮಾನ ಸಂಸ್ಥೆಯ 737. ಹನ್ನೊಂದರ ಆಸುಪಾಸಿನ ಸಾಲು, ಎಡಗಡೆ. ಹೆಚ್ಚಿಗೆ ದುಡ್ಡು ಕೊಟ್ಟು ಹಿಡಿದಿದ್ದೆ. ಹೋಗಿ ಕೂತರೆ ಪಕ್ಕದಲ್ಲಿ ಬಿಳಿ ಗೋಡೆ. ಗಗನಸಖಿಯನ್ನು ಕೇಳಿದೆ, "ಈ ಸಾಲಿನಲ್ಲಿ ಹಾಗೇ ಸರ್" ಅಂದಳು. ಆಮೇಲೆ ತಿಳಿದದ್ದು, 737ರಲ್ಲಿ ಏಸಿ ಗಾಳಿಯ ಕೊಳವೆ ಅಲ್ಲಿ ಗೋಡೆಯೊಳಗೆ ಹತ್ತುತ್ತದಂತೆ, ಅದಕ್ಕೆ ಒಂದು ಕಿಟಕಿಯ ಜಾಗ ಮುಚ್ಚಿದ್ದಾರೆ. ಮೂರು ಗಂಟೆ ಮುಂದಿನ ಸೀಟಿನವನ ಕಿಟಕಿಯನ್ನು ಸೀಟಿನ ಸಂದಿಯಿಂದ ಇಣುಕಿದೆ. ಅವನೋ, ಶಟರ್ ಎಳೆದು ಗೊರಕೆ.

ಮಾಜಿ ಸಿಬ್ಬಂದಿ

ಐದು ವರ್ಷ ಕ್ಯಾಬಿನ್‌ನಲ್ಲಿ ಕೆಲಸ ಮಾಡಿದ್ದೇನೆ. ಗೌಡರೇ, ಆ ಸೀಟಿನವರಿಂದ ಬೈಸಿಕೊಂಡಷ್ಟು ನಾನು ಯಾರಿಂದಲೂ ಬೈಸಿಕೊಂಡಿಲ್ಲ 🙂

ಸಾಗರದವಳು ಅವರಿಗೆ ಒಂದೆರಡು ಮಾತು. ಎಮರ್ಜೆನ್ಸಿ ಬಾಗಿಲಿನ ಸಾಲು ಕಾಲು ಚಾಚಲು ಚೆನ್ನಾಗಿದೆ ಅಂತ ಹಿಡಿಯಬೇಡಿ. ಅದು ರೆಕ್ಕೆಯ ಮೇಲೇ ಇರುತ್ತದೆ, ಜೊತೆಗೆ ಬಾಗಿಲು ತೆಗೆಯಲು ಆಗುವವರಿಗೆ ಮಾತ್ರ ಆ ಸೀಟು. ವಯಸ್ಸಾದವರನ್ನು ಅಲ್ಲಿಂದ ಎಬ್ಬಿಸುತ್ತಾರೆ. ಇನ್ನೊಂದು, ಸೀಟಿನ ಸಾಲಿಗೂ ಕಿಟಕಿಗೂ ಹೊಂದಾಣಿಕೆ ಇರಲ್ಲ. ವಿಮಾನ ತಯಾರಿಸುವವರು ಕಿಟಕಿಯನ್ನು ಒಂದು ಅಳತೆಯಲ್ಲಿ ಇಟ್ಟಿರುತ್ತಾರೆ, ಸಂಸ್ಥೆಯವರು ಸೀಟನ್ನು ಇನ್ನೊಂದು ಅಳತೆಯಲ್ಲಿ ಕೂರಿಸುತ್ತಾರೆ. ಹಾಗಾಗಿ ಕೆಲವು ಸಾಲಿನಲ್ಲಿ ಕಿಟಕಿ ನಿಮ್ಮ ಭುಜದ ಹಿಂದೆ ಹೋಗಿರುತ್ತದೆ. ಅದು ಅದೃಷ್ಟ. ಹತ್ತಿದ ಕೂಡಲೇ ನೋಡಿ, ವಿಮಾನ ಖಾಲಿ ಇದ್ದರೆ ಬಾಗಿಲು ಹಾಕಿದ ಮೇಲೆ ಸಿಬ್ಬಂದಿಯನ್ನು ಮೆತ್ತಗೆ ಕೇಳಿ. "ಅಮ್ಮ ಮೊದಲ ಸಲ ಬರ್ತಿದ್ದಾರೆ" ಅಂದರೆ ಸಾಕು, ಬಹಳ ಜನ ಬದಲಾಯಿಸಿ ಕೊಡುತ್ತಾರೆ.

ಬಾಗ್ಡೋಗ್ರಾ ವಾಯುಸೇನೆಯ ನೆಲೆ. ನೆಲದ ಮೇಲೆ ಇರುವಾಗ ಫೋಟೊ ತೆಗೆಯಬೇಡಿ. ಲೇಹ್, ಶ್ರೀನಗರ, ಗೋವಾದ ದಾಬೋಲಿಮ್ ಕೂಡ ಸೇನೆಯವೇ. ಶಟರ್ ಇಳಿಸಿ ಅಂತ ಸಿಬ್ಬಂದಿ ಹೇಳಿದರೆ ಇಳಿಸಬೇಕು, ವಾದ ಬೇಡ.

ಹುಬ್ಳಿ ಮಂದಿ

ನಮ್ಮ ಕಡೆಯ ಮಾತೂ ಸ್ವಲ್ಪ ಆಗ್ಲಿ ನೋಡ್ರಿ. ಕಿಟಕಿಯಿಂದ ಊರು ನೋಡುವ ಆಸೆ ಇದ್ದವರು ಎಟಿಆರ್ ಹತ್ತಬೇಕು. ಪಂಖ ಇರುವ ಸಣ್ಣ ವಿಮಾನ. ಜನ ಅದನ್ನು ಕಂಡು ಮೂಗು ಮುರಿಯುತ್ತಾರೆ, ಸದ್ದು ಜಾಸ್ತಿ, ಅಲುಗಾಟ ಜಾಸ್ತಿ ಅಂತ. ಆದರೆ ಅದರ ರೆಕ್ಕೆ ಮೇಲಿರುತ್ತದೆ, ತಲೆಯ ಮೇಲೆ. ಎಲ್ಲಿ ಕೂತರೂ ಕೆಳಗಿನ ನೆಲ ಬರೋಬ್ಬರಿ ಕಾಣುತ್ತದೆ. ಹಾರುವುದೂ ಕೆಳಗೆ, 20 ಸಾವಿರ ಅಡಿ ದಾಟುವುದು ಕಡಿಮೆ. ರಸ್ತೆ, ಕೆರೆ, ಗಾಳಿ ಗಿರಣಿ, ಎಲ್ಲ ಗುರುತು ಸಿಗುತ್ತದೆ. ಎರಡೆರಡೇ ಸೀಟು, ನಡುವೆ ಬಿ ಇಲ್ಲ, ಇ ಇಲ್ಲ. ಅರ್ಧ ಜನಕ್ಕೆ ಕಿಟಕಿ. ಮುಂದಿನ ಕೆಲವು ಸಾಲು ಬಿಡ್ರಿ, ಅಲ್ಲಿ ಕಿಟಕಿ ತುಂಬ ಇಂಜಿನ್. ಹಿಂದೆ ಕೂತ್ರೆ ಇಳಿಯೋದೂ ಮೊದಲು, ಬಾಗಿಲು ಹಿಂದೈತಿ.

ಬಜ್ಪೆ ಬಾಯ್

ಎಟಿಆರ್ ಬಗ್ಗೆ ನೂರಕ್ಕೆ ನೂರು ಒಪ್ಪಿದೆ. ಬೆಂಗಳೂರು–ಮಂಗಳೂರು ಎಟಿಆರ್‌ನಲ್ಲಿ ಒಮ್ಮೆ ಬಂದಿದ್ದೆ, ಅಕ್ಟೋಬರ್‌ನಲ್ಲಿ, ಮಳೆ ಬಿಟ್ಟು ಒಂದು ವಾರ ಆಗಿತ್ತು. ಗಾಳಿ ತೊಳೆದಿಟ್ಟ ಹಾಗಿತ್ತು. ಕೆಳಗೆ ಹಾಸನದ ಕೆರೆಗಳು ಒಂದೊಂದಾಗಿ ಸೂರ್ಯನಿಗೆ ಹೊಳೆದು ಆರುತ್ತವೆ. ಎಡಗಡೆ ಗೊರೂರಿನ ಹೇಮಾವತಿ ಹಿನ್ನೀರು, ಬೆರಳು ಬೆರಳಾಗಿ ಚಾಚಿಕೊಂಡಿರುತ್ತದೆ. ಸಕಲೇಶಪುರ ಆಯಿತು ಅನ್ನುವಾಗ ಇದ್ದಕ್ಕಿದ್ದಂತೆ ನೆಲ ಬಿದ್ದುಹೋಗುತ್ತದೆ. ನಿಜವಾಗಿ ಹಾಗೇ ಅನ್ನಿಸುತ್ತದೆ. ಘಟ್ಟದ ಅಂಚು. ಬಲಗಡೆ ಕುದುರೆಮುಖದ ಸಾಲು, ಎಡಗಡೆ ದೂರದಲ್ಲಿ ಕುಮಾರಪರ್ವತ. ಅದಾಗಿ ಕಾಲು ಗಂಟೆಗೆ ಕಡಲು.

ಗಾಳಿ ನೋಡಿಕೊಂಡು ಕೆಲವೊಮ್ಮೆ ಕಡಲ ಕಡೆಯಿಂದ ತಿರುಗಿ ಬಂದು ಇಳಿಸುತ್ತಾರೆ. ಆಗ ಬಲಗಡೆ ಕೂತವರಿಗೆ ನೇತ್ರಾವತಿ, ಫಲ್ಗುಣಿ ಸೇರಿ ಕಡಲಿಗೆ ಬೀಳುವ ಅಳಿವೆಬಾಗಿಲು, ಬೆಂಗ್ರೆಯ ಮರಳಿನ ಪಟ್ಟಿ. ಎಡಗಡೆಯವರಿಗೆ ಪಣಂಬೂರಿನ ಬಂದರು, ನಿಂತ ಹಡಗುಗಳು. ನಮ್ಮ ಊರಿನ ಮಟ್ಟಿಗೆ ಎಡ ಬಲ ಜಗಳ ಮುಗಿಯುವುದಿಲ್ಲ. ಕಡೆಗೆ ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ, ಎರಡೂ ಕಡೆ ಪ್ರಪಾತ. ಅದನ್ನು ನೋಡದೇ ಇರುವುದು ಒಳ್ಳೆಯದು ಅನ್ನುವವರು ಐಲ್ ಸೀಟ್ ಸಂಘಕ್ಕೆ ಸೇರಬಹುದು.

ಐಲ್ ಸೀಟ್ ಸಂಘ

ಸದಸ್ಯತ್ವ ಉಚಿತ.

ಸಾಗರದವಳು

ಎಲ್ಲರಿಗೂ ಥ್ಯಾಂಕ್ಸ್. ಇಷ್ಟೆಲ್ಲಾ ಇದೆ ಅಂತ ಗೊತ್ತೇ ಇರಲಿಲ್ಲ. ಬೆಂಗಳೂರು–ದೆಹಲಿಗೂ ಎಡಗಡೆಯೇ ಹಿಡಿಯಲಾ? ಆ ದಾರಿಯಲ್ಲಿ ನೋಡುವಂಥದ್ದು ಏನಿದೆ?

ಕಿಟಕಿ ಪಕ್ಕ

ಆ ದಾರಿಯಲ್ಲಿ ನಿದ್ದೆ ಮಾಡಿ.

ತಮಾಷೆಗೆ ಹೇಳಿದ್ದು. ಬೆಂಗಳೂರಿನಲ್ಲಿ ಏರುವಾಗ ನಂದಿಬೆಟ್ಟ ಸಿಗುತ್ತದೆ, ಏರ್‌ಪೋರ್ಟಿನಿಂದ ಉತ್ತರಕ್ಕೆ ಹತ್ತಿರದಲ್ಲೇ ಇದೆ. ಪಶ್ಚಿಮಕ್ಕೆ ಓಡಿ ಏರಿದರೆ ಬಲಗಡೆ, ಪೂರ್ವಕ್ಕೆ ಓಡಿ ಏರಿದರೆ ಎಡಗಡೆ. ಯಾವ ಕಡೆ ಓಡುತ್ತದೆ ಅನ್ನುವುದು ಆ ದಿನದ ಗಾಳಿಯ ಕೈಯಲ್ಲಿ. ಆಮೇಲೆ ದಖ್ಖನ್ನಿನ ಬಯಲು, ನರ್ಮದೆ ದಾಟುವುದು. ಆದರೆ ಬೆಳಗಿನ ವಿಮಾನ, ಉತ್ತರಕ್ಕೆ ಹೋಗುವುದು, ಅಂದರೆ ಬಿಸಿಲು ಬಲಗಡೆ ಹೊಡೆಯುತ್ತದೆ. ಎಫ್‌ನಲ್ಲಿ ಕೂತವರು ಅರ್ಧ ಗಂಟೆಗೆ ಶಟರ್ ಎಳೆಯುತ್ತಾರೆ. ಎಡಗಡೆ ಹಿಡಿಯಿರಿ, ನೆರಳು.

ಬಿಸಿಲಿನ ಲೆಕ್ಕ ಎಷ್ಟೋ ಜನ ಹಾಕುವುದಿಲ್ಲ. ಬಾಗ್ಡೋಗ್ರಾ ದಾರಿಗೆ ಅದೂ ನಿಮ್ಮ ಪರವಾಗಿದೆ. ನವೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಬಿಸಿಲು ನಿಮ್ಮ ಬೆನ್ನ ಕಡೆಯಿಂದ ಹೋಗಿ ಬೆಟ್ಟದ ಮುಖದ ಮೇಲೆ ಬೀಳುತ್ತದೆ. ಕಣ್ಣಿಗೂ ಚುಚ್ಚಲ್ಲ.

ಕ್ಯಾಮೆರಾ ಚೀಲ

ನೆರಳಿನ ಕಡೆ ಕೂರುವುದಕ್ಕೆ ಇನ್ನೊಂದು ಕಾರಣ ಇದೆ. ಕೆಳಗೆ ಮೋಡದ ಹಾಸು ಇದ್ದು ಸೂರ್ಯ ನಿಮ್ಮ ಬೆನ್ನಿಗಿದ್ದರೆ ಮೋಡದ ಮೇಲೆ ವಿಮಾನದ ನೆರಳು ಓಡುತ್ತದೆ. ಅದರ ಸುತ್ತ ಸಣ್ಣ ಬಣ್ಣದ ಬಳೆ. ಒಳಗೆ ನೀಲಿ, ಹೊರಗೆ ಕೆಂಪು. ಕಾಮನಬಿಲ್ಲಲ್ಲ, ಇದು ಪೂರ್ತಿ ದುಂಡಗಿರುತ್ತದೆ. ಗ್ಲೋರಿ ಅಂತಾರೆ. ಮೋಡದ ಹನಿಗಳು ಬೆಳಕನ್ನು ಬಂದ ದಾರಿಗೇ ತಿರುಗಿಸಿ ಕಳಿಸುವುದರಿಂದ ಆಗುವುದು.

ಒಂದು ಮಜಾ ಗೊತ್ತಾ? ಮೋಡ ಹತ್ತಿರ ಇದ್ದು ನೆರಳು ದೊಡ್ಡದಾಗಿ ಕಂಡರೆ ಬಳೆಯ ನಡುಬಿಂದು ನೆರಳಿನ ಯಾವ ಜಾಗದಲ್ಲಿದೆ ನೋಡಿ. ಅದು ನೀವು ಕೂತ ಜಾಗ. ಹಿಂದಿನ ಸಾಲಿನಲ್ಲಿದ್ದರೆ ಬಾಲದ ಹತ್ತಿರ, ಮುಂದಿದ್ದರೆ ಮೂಗಿನ ಹತ್ತಿರ. ಪ್ರತಿಯೊಬ್ಬರಿಗೂ ಅವರವರದೇ ಬಳೆ. ನಾನು 28ನೇ ಸಾಲಿನಲ್ಲಿ ಕೂತು ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ.

ಮೊಬೈಲಲ್ಲಿ ಫೋಟೊ ತೆಗೆಯುವಾಗ ಫ್ಲ್ಯಾಶ್ ಆಫ್. ಲೆನ್ಸನ್ನು ಗಾಜಿಗೆ ಹತ್ತಿರ ಹಿಡಿಯಿರಿ, ತಾಗಿಸಬೇಡಿ, ತಾಗಿಸಿದರೆ ವಿಮಾನದ ನಡುಕ ಕೈಗೆ ಬರುತ್ತದೆ. ಕಪ್ಪು ಶಾಲು ಇದ್ದರೆ ತಲೆ ಮೇಲೆ ಹೊದ್ದುಕೊಳ್ಳಿ, ಒಳಗಿನ ದೀಪದ ಪ್ರತಿಬಿಂಬ ಹೋಗುತ್ತದೆ. ಪಕ್ಕದವರು ನಗುತ್ತಾರೆ, ನಗಲಿ.

ಮೂಗಿನ ತುದಿ

ಕಿಟಕಿಯ ಕೆಳಗಿನ ಸಣ್ಣ ತೂತಿನ ಬಗ್ಗೆ ಅಮ್ಮ ಖಂಡಿತ ಕೇಳುತ್ತಾರೆ. ಗಾಬರಿಯಾಗದ ಹಾಗೆ ಮೊದಲೇ ಹೇಳಿ. ಕಿಟಕಿಯಲ್ಲಿ ಮೂರು ಪದರ. ನಾವು ಮುಟ್ಟುವುದು ಬರೀ ಪ್ಲಾಸ್ಟಿಕ್, ಗೀಚದಿರಲಿ ಅಂತ. ಗಾಳಿಯ ಒತ್ತಡ ಹೊರುವುದು ಹೊರಗಿನ ಪದರ. ನಡುವಿನ ಪದರದಲ್ಲಿ ಆ ತೂತು. ಒತ್ತಡ ಸಮ ಮಾಡಲು, ಒಳಗೆ ಹಬೆ ಕಟ್ಟದಂತೆ ಇರಲು. ಅದರ ಸುತ್ತ ಹಿಮದ ಹರಳು ಹೂವಿನ ಹಾಗೆ ಕಟ್ಟುತ್ತದೆ. ಮೊದಲ ಸಲ ಕಂಡಾಗ ನಾನು ಗಾಜು ಸೀಳಿತು ಅಂತ ಬೆವರಿದ್ದೆ.

ಗಲ್ಫ್ ಗೌಡ

ನಮಗೆ ಬೆಟ್ಟ ಕೆರೆ ಎಲ್ಲಿ ಬಂತು, ದುಬೈ–ಬೆಂಗಳೂರು ಹೆಚ್ಚಾಗಿ ರಾತ್ರಿ. ಆದರೂ ನಾನು ಕಿಟಕಿ ಬಿಟ್ಟುಕೊಡಲ್ಲ. ಹಗಲು ಹೊರಟರೆ ಕಾಲು ಗಂಟೆಯೊಳಗೆ ಹಜರ್ ಬೆಟ್ಟಗಳು, ಒಂದು ಹುಲ್ಲುಕಡ್ಡಿ ಇಲ್ಲದ ಕಲ್ಲು. ರಾತ್ರಿಯಾದರೆ ನಮ್ಮ ಕರಾವಳಿ ಹತ್ತಿರ ಬರುವಾಗ ನೋಡಬೇಕು. ಕಗ್ಗತ್ತಲ ಕಡಲಲ್ಲಿ ಮೀನು ದೋಣಿಗಳ ದೀಪ, ಅಲ್ಲೊಂದು ಇಲ್ಲೊಂದು. ಆಮೇಲೆ ಊರುಗಳ ದೀಪ ಒಟ್ಟಿಗೆ ಶುರುವಾಗುತ್ತದೆ, ಗೆರೆ ಎಳೆದ ಹಾಗೆ. ರಜೆಗೆ ಬರುವಾಗ ಆ ಗೆರೆ ದಾಟುವುದಕ್ಕೇ ಎದ್ದು ಕೂತಿರುತ್ತೇನೆ. ಎಡ ಬಲ ಇಲ್ಲಿ ಲೆಕ್ಕಕ್ಕಿಲ್ಲ.

ಲೇಹ್ ಪಯಣಿಗ

ಲೇಹ್‌ಗೆ ಯಾವ ಕಡೆ ಅಂತ ಯಾರಾದರೂ ಹೇಳ್ತೀರಾ? ಪ್ರತಿ ಕಡೆ ಜಗಳ ಆಗ್ತಿದೆ.

ಕಿಟಕಿ ಪಕ್ಕ

ಲೇಹ್‌ನಲ್ಲಿ ಜಗಳ ಯಾಕೆ ಅಂದರೆ ಎರಡೂ ಕಡೆ ಬೆಟ್ಟವೇ. ಅಲ್ಲಿ ನೀವು ಹಿಮಾಲಯದ ಪಕ್ಕದಲ್ಲಿ ಹೋಗುವುದಲ್ಲ, ಅಡ್ಡ ದಾಟುವುದು. ತಪ್ಪು ಸೀಟು ಅನ್ನುವುದೇ ಇಲ್ಲ, ರೆಕ್ಕೆ ಬಿಟ್ಟು. ಇಳಿಯುವಾಗ ಸಿಂಧೂ ಕಣಿವೆಯಲ್ಲಿ ಪಶ್ಚಿಮದಿಂದ ಬಂದು ಇಳಿಸುತ್ತಾರೆ, ಆಗ ಸ್ಟಾಕ್ ಅನ್ನುವ ಬೆಟ್ಟಸಾಲು ಬಲಗಡೆ. ವಾಪಸ್ ಹೊರಡುವಾಗ ಪಶ್ಚಿಮಕ್ಕೇ ಏರುತ್ತದೆ, ಅದೇ ಸಾಲು ಎಡಗಡೆ ಬರುತ್ತದೆ. ನನ್ನನ್ನು ಕೇಳಿದರೆ ಹೋಗುವಾಗ ಎಫ್, ಬರುವಾಗ ಎ. ಬೆಳಗಿನ ಮೊದಲ ವಿಮಾನವೇ ಹಿಡಿಯಿರಿ. ಏರ್‌ಪೋರ್ಟ್ ಇರುವುದೇ 3,256 ಮೀಟರ್ ಎತ್ತರದಲ್ಲಿ, ಮಧ್ಯಾಹ್ನ ಗಾಳಿ ಏಳುತ್ತದೆ.

ಮೂಗಿನ ತುದಿ

ಎಫ್ ಅಲ್ಲ ಎ. ಹೋಗುವಾಗ ಎಡಗಡೆ ಕೂತರೆ ನುನ್ ಕುನ್ ಶಿಖರಗಳ ಕಡೆಗೆ ನೋಟ ಇರುತ್ತದೆ. ಸ್ಟಾಕ್ ಸಾಲನ್ನು ಲೇಹ್‌ನಲ್ಲಿ ಇಳಿದ ಮೇಲೆ ಹೋಟೆಲ್ ಮಹಡಿಯಿಂದ ವಾರವಿಡೀ ನೋಡುತ್ತೀರಿ.

ಕಿಟಕಿ ಪಕ್ಕ

ಇದಕ್ಕೇ ಹೇಳಿದ್ದು ಜಗಳ ಅಂತ.

ಮಾಜಿ ಸಿಬ್ಬಂದಿ

ಸಾಗರದವಳು ಅವರೇ, ಹೊರಡುವ ಮುಂಚೆ ಕೊನೆಯ ಒಂದು ಮಾತು. ಮೊದಲ ಸಲ ಹೋಗುವವರು ಬೆಟ್ಟ ಅಂದರೆ ತಲೆಯೆತ್ತಿ ನೋಡುವಂಥದ್ದು ಅಂದುಕೊಂಡಿರುತ್ತಾರೆ, ಇಲ್ಲಾ ಕೆಳಗೆ ಹುಡುಕುತ್ತಾರೆ. ವಿಮಾನ 33 ಸಾವಿರ ಅಡಿ ಅಂದರೆ 10 ಕಿಲೋಮೀಟರ್ ಎತ್ತರ. ಎವರೆಸ್ಟ್ 8,849 ಮೀಟರ್, ಕಾಂಚನಜುಂಗಾ 8,586. ನೀವು ಅವೆರಡಕ್ಕಿಂತ ಮೇಲಿರುತ್ತೀರಿ. ದೂರ ಬೇರೆ, 150 ಕಿಲೋಮೀಟರಿಗೂ ಜಾಸ್ತಿ. ಕೈ ಚಾಚಿ ಹೆಬ್ಬೆರಳು ಅಡ್ಡ ಹಿಡಿದರೆ ಎಷ್ಟು ದಪ್ಪ ಕಾಣುತ್ತದೋ, ಬೆಟ್ಟದ ಸಾಲು ಹೆಚ್ಚುಕಡಿಮೆ ಅಷ್ಟೇ ಎತ್ತರ. ಆಕಾಶ ಮುಗಿಯುವ ಗೆರೆಯ ಮೇಲೆ ನೋಡಬೇಕು. ಬಾಗ್ಡೋಗ್ರಾಕ್ಕೆ ಇಳಿಯಲು ಶುರುಮಾಡಿದ ಮೇಲೆ ನೀವು ಕೆಳಗೆ ಬರುತ್ತೀರಿ, ಬೆಟ್ಟ ಮೇಲೇಳುತ್ತದೆ. ಆಗ ಅಮ್ಮನಿಗೆ ಬೆಟ್ಟ ಅನ್ನಿಸುತ್ತದೆ. ಇಳಿಯುವಾಗ ಕಿವಿ ಕಟ್ಟುತ್ತದೆ, ಚೀಪಲು ಏನಾದರೂ ಇಟ್ಟುಕೊಳ್ಳಿ.

ಸಾಗರದವಳು

ಹೆಬ್ಬೆರಳಿನ ಲೆಕ್ಕ ಮೊದಲೇ ಹೇಳಿದ್ದು ಒಳ್ಳೆಯದಾಯಿತು ಸರ್. ಸಿನಿಮಾದಲ್ಲಿ ಕಾಣುವ ಹಾಗೆ ಅಂದುಕೊಂಡಿದ್ದೆ. 26ಎ, 26ಬಿ ಹಿಡಿದೆ. ಬಂದು ಬರೆಯುತ್ತೇನೆ.

ಸಾಗರದವಳು (ಹತ್ತೊಂಬತ್ತು ದಿನಗಳ ನಂತರ)

ಬಂದೆವು. ಬರೆಯುತ್ತೇನೆ ಅಂದಿದ್ದೆ, ಬರೆಯುತ್ತಿದ್ದೇನೆ.

ಬೆಂಗಳೂರು–ದೆಹಲಿ ಅಮ್ಮ ಕಿಟಕಿಗಿಂತ ಜಾಸ್ತಿ ಎದುರಿನ ಟ್ರೇ ನೋಡಿದಳು, ಮಡಚಿ ಬಿಚ್ಚಿ. ದೆಹಲಿಯಿಂದ ಹೊರಟಾಗ ಕೆಳಗೆ ಏನೂ ಕಾಣಲಿಲ್ಲ. ಕಂದು ಬಣ್ಣದ ಹೊಗೆ, ಚಹಾ ಸೋಸಿದ ಬಟ್ಟೆ ಹರವಿದ ಹಾಗೆ. ನನಗೆ ಹೊಟ್ಟೆ ಕಿವುಚಿತು. ಮುಕ್ಕಾಲು ಗಂಟೆ ಆಯಿತು, ಐವತ್ತು ನಿಮಿಷ ಆಯಿತು. ಕಿಟಕಿ ಪುಣ್ಯಕ್ಕೆ ಸರಿಯಾದ ಜಾಗದಲ್ಲಿತ್ತು, ಗಾಜಿನ ಮೇಲೆ ಯಾರದೋ ತಲೆಯ ಎಣ್ಣೆ ಕಲೆ. ಅಮ್ಮ ಸೆರಗಿನಿಂದ ಒರೆಸಿದಳು.

ಆಮೇಲೆ ಹೊಗೆಯ ಮೇಲ್ಗಡೆ ಬಿಳಿ ಅಂಚು ಬಂತು. ನಾನು ಮೋಡ ಅಂದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಮೋಡ ಅಲ್ಲ ಕಣೇ. ಮೋಡವಾಗಿದ್ರೆ ಇಷ್ಟು ಹೊತ್ತಿಗೆ ಆಕಾರ ಬದಲಾಗ್ತಿತ್ತು" ಅಂದಳು. ಅವಳೇ ಸರಿ. ಹಾಲು ಉಕ್ಕಿ, ಉಕ್ಕಿದ ಹಾಗೇ ನಿಂತುಬಿಟ್ಟಿದೆ ಅಂತ ಹೇಳಿದಳು. ಹೆಬ್ಬೆರಳು ಹಿಡಿದು ನೋಡಿದೆ. ಅಷ್ಟೇ ಇತ್ತು! ಆದರೆ ಉದ್ದ ನೋಡಿ, ಮುಗಿಯುವುದೇ ಇಲ್ಲ. ಹಿಂದಿನ ಕಿಟಕಿಯಿಂದ ಮುಂದಿನ ಕಿಟಕಿಯವರೆಗೆ, ಅರ್ಧ ಗಂಟೆಗೂ ಮೀರಿ.

26ಸಿನಲ್ಲಿ ಒಬ್ಬ ಹುಡುಗ ಹತ್ತಿದಾಗಿನಿಂದ ಮಲಗಿದ್ದ. ಅಮ್ಮ ನನ್ನ ಮೇಲಿಂದ ಕೈ ಚಾಚಿ ಅವನ ಭುಜ ತಟ್ಟಿ ಕನ್ನಡದಲ್ಲೇ "ಏಳಪ್ಪಾ, ಹಿಮಾಲಯ ಬಂತು" ಅಂದಳು. ನಾನು ನಾಚಿಕೆಯಿಂದ ಸತ್ತೆ. ಅವನು ಕಣ್ಣುಜ್ಜಿಕೊಂಡು ಬಗ್ಗಿ ನೋಡಿ, ಅದು ಎವರೆಸ್ಟ್, ಅದರಾಚೆ ಮಕಾಲು, ಕಾಂಚನಜುಂಗಾ ಇನ್ನೂ ಮುಂದಿದೆ ಅಂತ ಹಿಂದಿಯಲ್ಲಿ ಹೇಳಿದ. ಸಿಲಿಗುರಿಯವನಂತೆ. ಆಕಾಶ ತಿಳಿಯಾದ ದಿನ ಮನೆ ಮಹಡಿಯಿಂದಲೇ ಕಾಣುತ್ತದಂತೆ. ನಾನು ಅಮ್ಮನಿಗೆ ಹೇಳಿದೆ. "ಓ, ಮನೆಯಲ್ಲೇ ಇದೆ, ಅದಕ್ಕೇ ನಿದ್ದೆ. ನಮಗೆ ಜೋಗ ಇದ್ದ ಹಾಗೆ" ಅಂದಳು. ಸಾಗರದಿಂದ ಜೋಗ ಮೂವತ್ತು ಕಿಲೋಮೀಟರ್. ಅವಳು ಕೊನೆಯ ಸಲ ಹೋಗಿದ್ದು ನನಗೆ ಮದುವೆ ಆಗುವ ಮುಂಚೆ.

ಇಳಿಯುವಾಗ ಆದದ್ದು ಮಾಜಿ ಸಿಬ್ಬಂದಿ ಹೇಳಿದ ಹಾಗೇ. ನಾವು ಕೆಳಗೆ ಬಂದ ಹಾಗೆ ಕಾಂಚನಜುಂಗಾ ಎದ್ದಿತು. ಒಂದು ತಿರುವಿನಲ್ಲಿ ಕಿಟಕಿ ತುಂಬ ಅದೇ. ಫೋಟೊ ತೆಗೆದಿದ್ದೇನೆ, ಎಲ್ಲದರಲ್ಲೂ ಅಮ್ಮನ ತುರುಬು.

ಡಾರ್ಜಿಲಿಂಗ್‌ನಲ್ಲಿ ಎರಡು ದಿನ ಮಂಜು, ಒಂದು ಬೆಳಗ್ಗೆ ತೆರೆಯಿತು. ಅದು ಬೇರೆ ಕಥೆ.

ಐಲ್ ಸೀಟ್ ಸಂಘ

ಬಾತ್‌ರೂಮ್ ವಿಷಯ ಏನಾಯಿತು?

ಸಾಗರದವಳು

ನೀವು ಹೇಳಿದ ಹಾಗೇ ಸರ್. ಹೋಗುವಾಗ ಏಳಲೇ ಇಲ್ಲ. ಬರುವಾಗ ನಾನು ಎಫ್ ಹಿಡಿದಿದ್ದೆ, ಇವಳು "ನೋಡಿ ಆಯ್ತಲ್ಲ, ಮಂಡಿ ನೋಯುತ್ತೆ" ಅಂತ ದಾರಿಯ ಪಕ್ಕ ಕೂತಳು. ಕಿಟಕಿ ನನಗೆ ಸಿಕ್ಕಿತು. ಸಂಜೆಯ ವಿಮಾನ. ಬೆಟ್ಟ ಗುಲಾಬಿಯಾಗಿ, ಬೂದಿಯಾಗಿ, ಆಮೇಲೆ ಕಾಣದೇ ಹೋಯಿತು. ಪಕ್ಕದಲ್ಲಿ ಅಮ್ಮನ ಗೊರಕೆ.

ಗಲ್ಫ್ ಗೌಡ

ಅಮ್ಮ ನಿಮ್ಮ ಸಂಘಕ್ಕೆ ಸೇರಿದರು ಬಿಡಿ.

ಮಲೆನಾಡ ಮಳೆ

ಒಳ್ಳೆಯ ಚರ್ಚೆ. ನಮ್ಮದೂ ಒಂದು ಪ್ರಶ್ನೆ. ಬೆಂಗಳೂರು–ಶಿವಮೊಗ್ಗ ವಿಮಾನ 2023ರಲ್ಲಿ ಶುರುವಾದಾಗಿನಿಂದ ಹೋಗಬೇಕು ಅಂದುಕೊಂಡಿದ್ದೇನೆ. ಮುಂದಿನ ತಿಂಗಳು ಅಪ್ಪನ ಜೊತೆ ಹೊರಟಿದ್ದೇನೆ. ಯಾವ ಕಡೆ?

ಹುಬ್ಳಿ ಮಂದಿ

ಎಟಿಆರ್ ಆದ್ರೆ ಚಿಂತಿ ಬ್ಯಾಡ್ರಿ, ಹಿಂದೆ ಕೂಡ್ರಿ.

ಕಿಟಕಿ ಪಕ್ಕ

ಎಡ. ಬಾಬಾಬುಡನ್‌ಗಿರಿ ಸಾಲು, ಆಮೇಲೆ ಲಕ್ಕವಳ್ಳಿಯ ಭದ್ರಾ ಹಿನ್ನೀರು. ಬಲಗಡೆ ಕೂತರೆ ದೂರದಲ್ಲಿ ವಾಣಿವಿಲಾಸ ಸಾಗರ ಸಿಗುತ್ತದೆ, 1933ರ ನಂತರ 2022ರಲ್ಲಿ ಕೋಡಿ ಬಿದ್ದ ಮಾರಿಕಣಿವೆ. ಅಪ್ಪ ಚಿತ್ರದುರ್ಗದ ಕಡೆಯವರಾದರೆ ಬಲ.

ಮಲೆನಾಡ ಮಳೆ

ಅಪ್ಪ ಹಿರಿಯೂರಿನವರು! ಹಾಗಾದರೆ ಅಪ್ಪನಿಗೆ ಎಫ್, ನನಗೆ ಎ.